ರುದ್ರಣ್ಣನ ಕಬ್ಬಿಣದ ಕಾರು

ರುದ್ರಣ್ಣ ಯಾವ ವಸ್ತುವನ್ನೂ ಬೆರಳಗೆಣ್ಣಿನಿಂದ ತಟ್ಟಿ ನೋಡದೆ ನಂಬುತ್ತಿರಲಿಲ್ಲ. ತೆಂಗಿನಕಾಯಿ ಇರಲಿ, ಹೊಸ ಬಿಂದಿಗೆ ಇರಲಿ, ಯಾರದೋ ಮನೆಯ ಬಾಗಿಲಿರಲಿ, ಟಣ್ ಎಂದು ತಟ್ಟಿ ಕಿವಿಗೊಡುತ್ತಿದ್ದ. ಎರಕದ ಕೆಲಸದವನಿಗೆ ಬಿರುಕು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದಂತೆ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಡುಮ್ಕಿ ಹೊಡೆದಾಗ ನನ್ನ ತಲೆಯನ್ನೂ ತಟ್ಟಿ, "ಒಳಗೇನೋ ಐತೆ, ಎಲ್ಲಾ ಖಾಲಿ ಅಲ್ಲ" ಎಂದಿದ್ದ.

ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮದೂ ಅವನದೂ ಅಕ್ಕಪಕ್ಕದ ಕ್ವಾರ್ಟರ್ಸು. ಅಪ್ಪ ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಿದ್ದರು, ರುದ್ರಣ್ಣ ಅಲ್ಲೇ ಮೋಲ್ಡರ್. ಹಣೆತುಂಬ ವಿಭೂತಿ, ಅದರ ಮೇಲೆ ಸದಾ ಒಂದು ಪದರ ಕರಿ ಮಸಿ. ಆ ವರ್ಷ ಕಾಲೋನಿಯ ಕ್ಲಬ್ಬಿನವರು ಮನೆಯಲ್ಲೇ ಮಾಡಿದ ಪುಟ್ಟ ಮೋಟಾರು ಕಾರುಗಳ ಓಟ ಇಟ್ಟರು. ಶಿವಮೊಗ್ಗದ ಸವಳಂಗ ರಸ್ತೆಯ ಗ್ಯಾರೇಜಿನ ಹುಡುಗರು ಸೈಕಲ್ ಚಕ್ರದ ಗಾಡಿ ತರುತ್ತಾರೆಂದು ಸುದ್ದಿ ಬಂತು. ರುದ್ರಣ್ಣನಿಗೆ ಅಷ್ಟೇ ಸಾಕಾಯಿತು.

ಹಳೆಯ ನೀರಿನ ಪಂಪಿನ ಎಂಜಿನ್ ಒಂದನ್ನು ಎಲ್ಲಿಂದಲೋ ಹೊತ್ತು ತಂದ. ಉಳಿದದ್ದೆಲ್ಲ ಕಬ್ಬಿಣ. ಸ್ಟೇಷನ್ ಹತ್ತಿರದ ಗೆಳೆಯನ ಸಣ್ಣ ಫೌಂಡ್ರಿಯಲ್ಲಿ ಚಕ್ರ ಎರಕ ಹೊಯ್ದ, ಸ್ಟೇರಿಂಗ್ ಎರಕ ಹೊಯ್ದ, ಸಾಲದ್ದಕ್ಕೆ ಕಾರಿನ ಮೂತಿಗೆ ಒಂದು ಎರಕದ ಬಸವಣ್ಣನನ್ನೂ ಕೂರಿಸಿದ. ಅಪ್ಪ, "ಚಕ್ರನಾದ್ರೂ ಹಗುರದ್ದು ಹಾಕು ಮಾರಾಯ" ಎಂದರೆ, "ನಮ್ಮೂರೋರು ತಗಡು ಕಟ್ಕೊಂಡು ಓಡಿದ್ರೆ ಭದ್ರೆ ನಗ್ತಾಳೆ ಕಣಣ್ಣ" ಎಂದು ಬಾಯಿ ಮುಚ್ಚಿಸಿದ. ಕಬ್ಬಿಣದೂರಿನವರಿಗಲ್ಲದೆ ಬೇರೆ ಯಾರಿಗೆ ಬರುತ್ತದೆ ಇಂಥ ಬುದ್ಧಿ! ಮುದ್ದೆ ತಿಂದು ಬೆಳೆದ ಅವನ ಇಬ್ಬರು ಮಕ್ಕಳೂ ಸರದಿಯಲ್ಲಿ ಹತ್ತಿ ಕೂತರು. ಎಂಜಿನ್ ಡುಬುಡುಬು ಎಂದಿತೇ ಹೊರತು ಕಾರು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅವನ ಹೆಂಡತಿ ಶಾಂತಕ್ಕ ಹಿತ್ತಿಲ ಬಾಗಿಲಲ್ಲಿ ನಿಂತು, "ಕಾರಲ್ಲ ಕಣ್ರೀ ಅದು, ಒರಳುಕಲ್ಲು" ಎಂದಳು.

ಬೇಲಿಯಾಚೆ ನಗುತ್ತಿದ್ದ ನನ್ನ ಮೇಲೆ ಆಗ ಅವನ ಕಣ್ಣು ಬಿತ್ತು. "ಗಿರಿಜಾ, ಗಾಳಿ ಬಂದ್ರೆ ಹಾರೋಗೋ ಹಂಗಿದೀಯಲ್ಲೇ! ಬಾ ಇಲ್ಲಿ, ಹತ್ತು."

ಹತ್ತಿದೆ. ಒರಳುಕಲ್ಲು ಓಡಿತು!

ಅಂದಿನಿಂದ ಲಂಗ ಎತ್ತಿ ಕಟ್ಟಿ ಸಂಜೆಸಂಜೆ ಕಾಲೋನಿ ರಸ್ತೆಯಲ್ಲಿ ನನ್ನದೇ ದರ್ಬಾರು. ನೀರಿನ ಟ್ಯಾಂಕಿನ ತಿರುವಿನಲ್ಲಿ ಆ ಕಾರು ಎಡಕ್ಕೆ ಎಳೆಯುತ್ತಿತ್ತು. ಮೈಯನ್ನು ಬಲಕ್ಕೆ ಪೂರಾ ವಾಲಿಸದಿದ್ದರೆ ಚರಂಡಿಯೇ ಗತಿ. ಬಿದ್ದು ಮೊಣಕೈ ತರಚಿಸಿಕೊಂಡು ಅದನ್ನು ಕಲಿತೆ. ಅಮ್ಮ, "ಹೆಣ್ಮಗಳು ಕಾರೋಡಿಸ್ತಾಳಂತೆ, ನಾಳೆ ಯಾರು ಮಾಡ್ಕೊಳ್ತಾರೆ ಇವಳನ್ನ?" ಎಂದು ಕೂಗಾಡಿದಾಗ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕೂತು ಒಪ್ಪಿಸಿದವನೂ ರುದ್ರಣ್ಣನೇ. "ಅಕ್ಕಾ, ಇವಳ ಕೈಯಲ್ಲಿ ಐತೆ ವಿದ್ಯೆ. ಓಟದ ದಿನ ಇವಳೇ ಓಡಿಸೋದು. ಬಸವಣ್ಣನ ಮೇಲಾಣೆ." ನನ್ನ ಬಗ್ಗೆ ಯಾರೂ ಅದುವರೆಗೆ ಅಂಥ ಮಾತು ಆಡಿರಲಿಲ್ಲ. ನಾನು ಬೇರೇನನ್ನೂ ಅಷ್ಟು ಆಸೆಪಟ್ಟದ್ದಿಲ್ಲ.

ಓಟದ ದಿನ ಎರಡು ಜಡೆಯನ್ನೂ ಎತ್ತಿ ಕಟ್ಟಿ, ಅಪ್ಪನ ಟೋಪಿ ಹಾಕಿಕೊಂಡು ಹೋದೆ. ನನ್ನ ಸೀಟಿನಲ್ಲಿ ಒಬ್ಬ ಸಣಕಲು ಹುಡುಗ ಕೂತಿದ್ದ. ಕಾರ್ಖಾನೆಯ ದೊಡ್ಡ ಸಾಹೇಬರ ಮಗ, ರಜಕ್ಕೆ ಮೈಸೂರಿನಿಂದ ಬಂದವನು. ರುದ್ರಣ್ಣ ನನ್ನ ತಲೆಯ ಮೇಲಿನ ಟೋಪಿ ತೆಗೆದು ಅವನಿಗೆ ಹಾಕುತ್ತ ಹೇಳಿದ: "ಇವತ್ತೊಂದ್ಸಲ ಬಿಟ್ಕೊಡೆ ಮಾರಾಯ್ತಿ. ಸಾಹೇಬ್ರು ಬಾಯಿಬಿಟ್ಟು ಕೇಳಿದ್ರು, ಇಲ್ಲ ಅನ್ನಕ್ಕಾಯ್ತದಾ? ಟ್ಯಾಂಕಿನ ತಿರುವಲ್ಲಿ ಹೆಂಗೆ ಅಂತ ಇವ್ನಿಗೆ ಒಂಚೂರು ಹೇಳ್ಕೊಡು."

ಹೇಳಿಕೊಟ್ಟೆ. ಎಡಕ್ಕೆ ವಾಲು ಎಂದು ಸುಳ್ಳು ಹೇಳಬಹುದಿತ್ತು, ನಾಲಿಗೆ ಏಳಲಿಲ್ಲ. ಆ ತಿರುವಿನಲ್ಲಿ ಶಿವಮೊಗ್ಗದವರ ಸೈಕಲ್ ಚಕ್ರಗಳು ಹಪ್ಪಳದ ಹಾಗೆ ಮಡಚಿಕೊಂಡವು, ಹುಡುಗ ಬಲಕ್ಕೆ ವಾಲಿ ಗೆದ್ದ. ಅವನನ್ನು ಹೆಗಲ ಮೇಲೆ ಹೊತ್ತು ಕುಣಿದವನು ರುದ್ರಣ್ಣ. ಮೋಸ! ಅದಕ್ಕೆ ಬೇರೆ ಹೆಸರಿಲ್ಲ. ನಾನು ಅವನ ಜೊತೆ ಮಾತು ಬಿಟ್ಟೆ. ಅವನಿಗೆ ಅದು ಗೊತ್ತಾಯಿತೋ ಇಲ್ಲವೋ, ಬೇಲಿಯಾಚೆಯಿಂದ ಎಂದಿನ ಹಾಗೆ "ಊಟ ಆಯ್ತೇನೇ?" ಎನ್ನುತ್ತಲೇ ಇದ್ದ.

ಮದುವೆಯಾಗಿ ಶಿವಮೊಗ್ಗಕ್ಕೆ ಬಂದು ಎಷ್ಟೋ ವರ್ಷದ ಮೇಲೆ ಒಂದು ಬೆಳಿಗ್ಗೆ ರುದ್ರಣ್ಣ ನಮ್ಮ ಮನೆಗೆ ಬಂದ. ತಲೆ ಪೂರಾ ನರೆತಿತ್ತು. "ಕಾರು ಕೋಳಿಗೂಡಿನ ಹಿಂದೆ ಬಿದ್ದು ತುಕ್ಕು ಹಿಡಿದಿತ್ತು ಕಣೆ. ಆಯುಧಪೂಜೆಗೆ ಕ್ಲಬ್ಬಲ್ಲಿ ಇಡ್ಬೇಕಂತೆ, ಬಿಚ್ಚಿದೀನಿ. ಸ್ಟೇರಿಂಗ್ ಹೆಂಗೆ ಕೂರ್ತಿತ್ತು ಅಂತ ಜ್ಞಾಪಕ ಬರ್ತಿಲ್ಲ. ನಿಂಗೆ ಗೊತ್ತಲ್ಲ, ಬಾ."

ಕರಗಿ ಹೋದೆ, ದಡ್ಡಿ ನಾನು. ನಿಂಗೆ ಗೊತ್ತಲ್ಲ ಎಂದನಲ್ಲ, ಅಷ್ಟಕ್ಕೇ. ಭಾನುವಾರಗಳಲ್ಲಿ ಬಸ್ಸು ಹತ್ತಿ ಹೋಗಿ, ಸೆರಗು ಸಿಕ್ಕಿಸಿ ಕೂತು, ಸೀಮೆಎಣ್ಣೆ ಇಟ್ಟಿಗೆಪುಡಿ ಹಾಕಿ ತುಕ್ಕು ಉಜ್ಜಿದೆ. ಸ್ಟೇರಿಂಗಿನ ಸರಳು ತಲೆಕೆಳಗಾಗಿ ಕೂರಬೇಕೆಂದು ತೋರಿಸಿದೆ. ಎಂಜಿನ್ ಮತ್ತೆ ಡುಬುಡುಬು ಎಂದಾಗ ಇಬ್ಬರೂ ಚಪ್ಪಾಳೆ ತಟ್ಟಿದೆವು. ಹಳೆಯದನ್ನೆಲ್ಲ ಮನ್ನಿಸಿಬಿಟ್ಟಿದ್ದೆ.

ಆಯುಧಪೂಜೆಯ ದಿನ ಚೆಂಡುಹೂವು ಹೊದ್ದ ಕಾರಿನ ಸುತ್ತ ಜನ. ಹೊಸದಾಗಿ ಬಂದ ಎಂಜಿನಿಯರೊಬ್ಬ ನನ್ನನ್ನು ನೋಡಿ, "ಇವರು ಯಾರು?" ಎಂದು ಕೇಳಿದ. ಸೆರಗು ಸರಿಮಾಡಿಕೊಂಡೆ. ಈಗ ಹೇಳುತ್ತಾನೆ ಎಂದುಕೊಂಡೆ.

"ನಮ್ಮ ಪಕ್ಕದ್ಮನೆ ಹುಡುಗಿ ಸಾರ್" ಎಂದ ರುದ್ರಣ್ಣ, ನನ್ನ ಹೆಗಲ ಮೇಲೆ ಕೈಯಿಟ್ಟು. "ಸಾಹೇಬ್ರ ಮಗ ಓಡಿಸ್ತಿದ್ನಲ್ಲ, ಆವಾಗ ದಿನಾ ನೋಡಕ್ಕೆ ಬರ್ತಿದ್ಲು."

ಅವನ ಮುಖದಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ. ಪ್ರೀತಿಯಿಂದಲೇ ಹೇಳಿದ. ಓಟದ ದಿನ ನನ್ನನ್ನು ಸೀಟಿನಿಂದ ಇಳಿಸಿದ್ದನ್ನಾದರೂ ನುಂಗಿಕೊಂಡಿದ್ದೆ. ಈಗ ಅವನ ನೆನಪಿನಿಂದಲೇ ಇಳಿಸಿದ್ದ. ಶಾಂತಕ್ಕ ಕೊಟ್ಟ ಪ್ರಸಾದವನ್ನು ಕಾರಿನ ಪಕ್ಕದಲ್ಲೇ ಇಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ.

ಮರುವರ್ಷ ಅವನು ತೀರಿಕೊಂಡ ಸುದ್ದಿ ಬಂತು. ನಮ್ಮವರು ಆಫೀಸಿಗೆ ರಜ ಹೇಳಿ ಬಂದು, "ಹೊರಡು, ನಿಂಗೆ ಬೇಕಾದೋರಲ್ವಾ" ಎಂದರು.

ನಾನು ಒಲೆಯ ಮುಂದಿನಿಂದ ಏಳಲಿಲ್ಲ.

"ನೀವು ಹೋಗ್ಬನ್ನಿ" ಎಂದೆ. "ನಾನೇನು, ಸುಮ್ನೆ ನೋಡಕ್ಕೆ ಹೋಗ್ತಿದ್ದೋಳು."