ಹುಳುಮನೆಗೆ ಗಾಳಿ

ಅಮ್ಮಾಜಮ್ಮನ ರೇಷ್ಮೆ ಹುಳುಮನೆಗೆ ಕಾಲಿಡುವುದೆಂದರೆ ಊರಿನವರಿಗೆ ಸಾಕುಸಾಕಾಗುತ್ತಿತ್ತು. ಬಾಗಿಲಲ್ಲೇ ಬ್ಲೀಚಿಂಗ್ ಪೌಡರ್ ಕಲಸಿದ ನೀರು. ಕಾಲು ಅದ್ದಬೇಕು, ಕೈ ತೊಳೆಯಬೇಕು, ಆಮೇಲೂ ಆಕೆ ಮೇಲಿಂದ ಕೆಳಗೆ ಒಮ್ಮೆ ನೋಡಿಯೇ ಒಳಗೆ ಬಿಡುವುದು. ರೇಷ್ಮೆ ಇಲಾಖೆಯವರು ಬಂದರೂ ರಿಯಾಯಿತಿ ಇರಲಿಲ್ಲ. "ನಿಮ್ಮ ಬೂಟು ಎಲ್ಲೆಲ್ಲಿ ತಿರುಗಿ ಬಂದೈತೋ ಸ್ವಾಮಿ, ನಂಗೇನು ಗೊತ್ತು? ಬಿಚ್ಚಿ" ಎಂದು ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಿದ್ದಳು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ಕರೀಂ ಸಾಬ್ ಒಂದು ಹಿಡಿ ಗೂಡು ಎತ್ತಿ ಕಿವಿಯ ಹತ್ತಿರ ಅಲುಗಾಡಿಸಿ, "ಅಮ್ಮಾಜಮ್ಮನ ಮನೇದು" ಎಂದು ಹೇಳಿಬಿಡುತ್ತಿದ್ದರು. ಅಷ್ಟು ಹೆಸರು.

ಕೈವಾರದ ಕಡೆಯ ಹೆಣ್ಣು. ಶಿಡ್ಲಘಟ್ಟದ ಪಕ್ಕದ ಈ ಊರಿಗೆ ಬಯ್ಯಪ್ಪನ ಕೈಹಿಡಿದು ಬಂದಾಗ ಹುಳು ಕಂಡರೆ ಮೈ ಜುಮ್ಮೆನ್ನುತ್ತಿತ್ತಂತೆ. ಅತ್ತೆ ಬೈದು ಬೈದು ಕಲಿಸಿದಳು. ಕಲಿತದ್ದನ್ನು ಅಮ್ಮಾಜಮ್ಮ ಬೈಯದೆ ತನ್ನ ಒಬ್ಬಳೇ ಮಗಳು ಯಾಮಿನಿಗೆ ಕಲಿಸಿದಳು. ಹುಡುಗಿಯೂ ಚುರುಕು. ಚಿಂತಾಮಣಿಯಲ್ಲಿ ಡಿಗ್ರಿ ಮುಗಿಸಿ ಬಂದವಳು ಸೊಪ್ಪು, ಹುಳು, ಗೂಡು ಕಟ್ಟಿಸುವ ಚಂದ್ರಿಕೆ ಎಂದು ಅದರಲ್ಲೇ ಮುಳುಗಿಬಿಟ್ಟಳು.

"ಮರಿ ಇದ್ದಾಗ ಬೆಚ್ಚಗಿಡು, ಕಿಟಕಿ ಮುಚ್ಚು. ದೊಡ್ಡವಾದ್ಮೇಲೆ ಎಲ್ಲಾ ತೆಗಿ" ಎಂದು ಅಮ್ಮಾಜಮ್ಮ ಹೇಳಿಕೊಟ್ಟಿದ್ದಳು. "ಅಷ್ಟು ಹುಳು ಉಸಿರಾಡೋ ಮನೆ ಕಣೇ ಇದು. ಗಾಳಿ ಆಡ್ಲಿಲ್ಲ ಅಂದ್ರೆ ಸಪ್ಪೆ ರೋಗ ಬಂದು ಒಂದೂ ಉಳಿಯಲ್ಲ." ಹುಳುವಿನ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರಬಾರದೆಂದು ಕಿಟಕಿಗಳಿಗೆ ಬಲೆ ಬಡಿಸಿದ್ದಳು. ಬಲೆಯ ಹಿಂದೆ ಕಿಟಕಿಯ ಬಾಗಿಲುಗಳು ಮಾತ್ರ ಹಗಲಿಡೀ ತೆರೆದೇ ಇರುತ್ತಿದ್ದವು.

ಕೊರೊನಾ ಎರಡನೇ ಅಲೆಯ ಆ ಬೇಸಿಗೆಯಲ್ಲಿ ಬಯ್ಯಪ್ಪ ಪೇಟೆಯಿಂದ ಕೆಮ್ಮುತ್ತಾ ಬಂದ. ಡಾಕ್ಟರು ಮಾತ್ರೆ ಕೊಟ್ಟು, ಮನೆಯಲ್ಲೇ ಬೇರೆ ಇರಿಸಿ ಎಂದರು. ಅಮ್ಮಾಜಮ್ಮನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ರೋಗ ಬರುವುದು ಕೈಯಿಂದ, ಕಾಲಿನಿಂದ, ತಟ್ಟೆಯಿಂದ. ಅಷ್ಟು ವರ್ಷ ಹುಳುಗಳನ್ನು ಅವಳು ಕಾದದ್ದೇ ಹಾಗೆ. ನಡುಮನೆಯ ಪಕ್ಕದ ಕೋಣೆಯಲ್ಲಿ ಗಂಡನನ್ನು ಮಲಗಿಸಿ, ಹೊಸ್ತಿಲಿಗೆ ಬ್ಲೀಚಿಂಗ್ ನೀರು ಇಟ್ಟಳು. ಅವನ ಲೋಟ, ತಟ್ಟೆ ಬೇರೆ ಮಾಡಿದಳು, ಬಟ್ಟೆ ಕುದಿಸಿದಳು. ಎದೆಗೆ ಶೀತ ಹತ್ತಬಾರದೆಂದು ಇದ್ದ ಒಂದೇ ಕಿಟಕಿಯನ್ನೂ ಮುಚ್ಚಿ ಒಳಗಿನಿಂದ ಗೋಣಿತಾಟು ಹೊಡೆದಳು.

ಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚಿನ ವಾರ ಅದು. ಹಗಲಿರುಳು ಸೊಪ್ಪು ಹಾಕುತ್ತಲೇ ಇರಬೇಕು. ಅಮ್ಮಾಜಮ್ಮ ಹುಳುಮನೆಯಲ್ಲಿ ನಿಂತಳು, ಯಾಮಿನಿ ಅಪ್ಪನ ಹತ್ತಿರ ಕೂತಳು. ಆ ಸೆಕೆಗೆ ಮಾಸ್ಕು ಗಲ್ಲಕ್ಕೆ ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಹುಡುಗಿ ಕೋಣೆಯ ಬಾಗಿಲಿಗೆ ಬಂದು ತಾಯಿಯನ್ನು ಕೂಗಿದಳು.

"ಅಮ್ಮ, ಒಳಗೆ ಉಸಿರು ಕಟ್ತೈತೆ. ಹುಳುಮನೆ ಕಿಟಕಿ ಎಲ್ಲಾ ತೆಗೆದಿದ್ದೀವಿ, ಅಪ್ಪಂದೂ ಒಂಚೂರು ತೆಗೆಯಣ."

"ಅವು ಹುಳು ಕಣೇ, ನಿಮ್ಮಪ್ಪ ಮನುಷ್ಯ! ಎದೆಗೆ ಗಾಳಿ ಹೊಡೆದ್ರೆ ಏನ್ಮಾಡ್ತೀಯ? ಸಂದೀಲೂ ಗಾಳಿ ಬರ್ತೈತೆ, ಗೋಣಿತಾಟಿನ ಅಂಚು ಎತ್ತಿ ಅದನ್ನೂ ಮುಚ್ಚು ಹೋಗು."

ಯಾಮಿನಿ ಒಳಗೆ ಹೋದಳು.

ಬಯ್ಯಪ್ಪ ಎದ್ದು ಕೂತ. ಅದೇ ಕೆಮ್ಮು ಹತ್ತಿ ಯಾಮಿನಿ ಮಲಗಿದಳು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವ ಹೊತ್ತಿಗೆ ತಡವಾಗಿತ್ತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮಗಳ ಮುಖವನ್ನು ಹೆತ್ತವಳಿಗೂ ತೋರಿಸಲಿಲ್ಲ. ಆ ಸಲದಂಥ ಒಳ್ಳೆಯ ರೇಷ್ಮೆ ಗೂಡು ಆ ಮನೆಯಲ್ಲಿ ಹಿಂದೆ ಯಾವತ್ತೂ ಆಗಿರಲಿಲ್ಲ. ಚಂದ್ರಿಕೆಯಿಂದ ಬಿಡಿಸಿಕೊಂಡು ಹೋಗಿ ಮಾರಿದ್ದು ಪಕ್ಕದ ಮನೆಯವರು.

ಅಲ್ಲಿಂದ ಬಯ್ಯಪ್ಪ ಜಗಲಿಯ ಮನುಷ್ಯನಾದ. ಊಟ ಅಲ್ಲೇ, ನಿದ್ದೆ ಅಲ್ಲೇ. "ನನ್ನ ಉಸಿರೇ ಅವಳ್ನ ತಿಂತು" ಎಂದು ಒಮ್ಮೆ ಅಂದವನು ಮತ್ತೆ ಆ ಮಾತೆತ್ತಲಿಲ್ಲ. ಕೋಣೆಗೆ ಹಳೆಯ ಚಂದ್ರಿಕೆಗಳನ್ನು ಒಟ್ಟಿ ಬಾಗಿಲೆಳೆದರು. ಅಮ್ಮಾಜಮ್ಮನಿಗೆ ಉಳಿದಿದ್ದು ಒಂದೇ ಸಮಾಧಾನ: ತಾನು ಮಾಡಬೇಕಾದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಯಾರಾದರೂ ಯಾಮಿನಿಯ ಮಾತೆತ್ತಿದರೆ ಅದನ್ನೇ ಹೇಳುತ್ತಿದ್ದಳು. ಬ್ಲೀಚಿಂಗ್ ಇಟ್ಟೆ, ಬಟ್ಟೆ ಕುದಿಸಿದೆ, ತಟ್ಟೆ ಬೇರೆ ಮಾಡಿದೆ. ಆ ಸಮಾಧಾನವೂ ಇಲ್ಲದಿದ್ದರೆ ಆ ಹೆಂಗಸು ಬದುಕುವುದಾದರೂ ಹೇಗೆ?

ಈ ವರ್ಷ ಚೈತನ್ಯ ಎಂಬ ಹುಡುಗಿ ಜೊತೆಗೊಬ್ಬಳನ್ನು ಕರೆದುಕೊಂಡು ಊರಿಗೆ ಬಂದಳು. ಮನೆಯೊಳಗಿನ ಗಾಳಿಯಿಂದ ಕಾಯಿಲೆ ಹೇಗೆ ಹರಡುತ್ತದೆ, ತಡೆಯುವುದು ಹೇಗೆ ಎಂದು ಸಂಶೋಧನೆ ಮಾಡುತ್ತಿದ್ದಳು. ಗಾಳಿ ಅಳೆಯುವ, ಅಂಗೈಯಗಲದ ಒಂದು ಮೀಟರು ಹಿಡಿದಿದ್ದಳು. ಹೇಳದೆಯೇ ಚಪ್ಪಲಿ ಬಿಟ್ಟು ಕಾಲು ಅದ್ದಿದ್ದಕ್ಕೆ ಅಮ್ಮಾಜಮ್ಮನಿಗೆ ಅವಳು ಹಿಡಿಸಿಬಿಟ್ಟಳು. ವಯಸ್ಸೂ ಹೆಚ್ಚುಕಡಿಮೆ ಯಾಮಿನಿಯದೇ.

ಹುಳುಮನೆಯಲ್ಲಿ ಮೀಟರಿನ ಅಂಕಿ ಕೆಳಗೇ ನಿಂತಿತು. "ಎಷ್ಟು ಚೆನ್ನಾಗಿ ಗಾಳಿ ಆಡ್ತಿದೆ ಅಮ್ಮ!" ಎಂದಳು ಚೈತನ್ಯ. ಅಮ್ಮಾಜಮ್ಮ ಹಿಗ್ಗಿದಳು. ಮುಚ್ಚಿದ ಕೋಣೆ ಒಂದು ಬೇಕು ಎಂದಾಗ ಆ ಹಿಗ್ಗಿನಲ್ಲೇ ಚಂದ್ರಿಕೆ ಸರಿಸಿ ಕೋಣೆ ತೋರಿಸಿದಳು. ಬಾಗಿಲು ಹಾಕಿಕೊಂಡು ಮೂವರೂ ಮಾತಾಡುತ್ತಾ ಕೂತರು. ಅಂಕಿ ಏರುತ್ತಾ ಹೋಯಿತು.

"ನಾವು ಬಿಟ್ಟ ಉಸಿರು ಎಷ್ಟು ಒಳಗೇ ಉಳೀತು ಅಂತ ಇದು ತೋರಿಸುತ್ತೆ ಅಮ್ಮ. ಕಾಯಿಲೆಯವರಿದ್ರೆ ವೈರಸ್ಸೂ ಉಸಿರಿನ ಜೊತೆ ಬಂದು, ಹೊಗೆ ಥರ ಇಲ್ಲೇ ತೇಲ್ತಿರುತ್ತೆ. ಕಿಟಕಿ ತೆಗೆದ್ರೆ ಆಚೆ ಹೋಗುತ್ತೆ."

"ಬ್ಲೀಚಿಂಗ್ ಹಾಕಿದ್ರೆ? ಕೈ ತೊಳೆದ್ರೆ?"

"ಕೈ ತೊಳೆಯೋದು ಒಳ್ಳೇದೇ. ಆದ್ರೆ ಗಾಳೀನ ತೊಳೆಯಕ್ಕಾಗಲ್ವಲ್ಲಮ್ಮ."

ಅಮ್ಮಾಜಮ್ಮ ಕಿಟಕಿಯ ಗೋಣಿತಾಟನ್ನೇ ನೋಡುತ್ತಾ ಕೂತಳು. ಆಮೇಲೆ ಯಾಮಿನಿಯ ವಿಷಯವನ್ನೆಲ್ಲ ಹೇಳಿ, ಕೇಳಿಯೇಬಿಟ್ಟಳು. "ಇದನ್ನ ತೆಗೆದಿದ್ರೆ ನನ್ನ ಮಗಳು ಉಳೀತಿದ್ಲಾ ತಾಯಿ?"

ಚೈತನ್ಯ ಮೀಟರು ಕೆಳಗಿಟ್ಟಳು. ಸುಳ್ಳು ಹೇಳುವುದು ಸುಲಭವಿತ್ತು, ಹೇಳಲಿಲ್ಲ. "ಗೊತ್ತಿಲ್ಲಮ್ಮ. ತೆಗೆದಿದ್ರೂ ಬರಬಹುದಿತ್ತು. ಬರೋ ಸಂಭವ ಕಡಿಮೆ ಆಗ್ತಿತ್ತು, ಅಷ್ಟೇ." ಕಿಟಕಿಯತ್ತ ತಿರುಗಿ, "ಈಗ ತೆಗೆದು ನೋಡಣ್ವಾ?" ಎಂದಳು.

"ಇವತ್ತು ಬೇಡ ಕಣಮ್ಮ."

ಅವರನ್ನು ಕಳಿಸಿ ಬಂದವಳು ಕುಡುಗೋಲಿನಿಂದ ಮೊಳೆಗಳನ್ನು ಮೀಟತೊಡಗಿದಳು. ಸದ್ದಿಗೆ ಬಯ್ಯಪ್ಪ ಜಗಲಿಯಿಂದ ಎದ್ದು ಬಂದು ಹೊಸ್ತಿಲಲ್ಲಿ ನಿಂತ. ಗೋಣಿತಾಟು ಕಳಚಿ ಬಿತ್ತು. ಕಿಟಕಿಯ ಸಂದಿಯುದ್ದಕ್ಕೂ ಒಂದು ಹಸಿರು ದುಪಟ್ಟಾ ತುರುಕಿತ್ತು, ಒಂದು ಎಳೆ ಗಾಳಿಯೂ ನುಸುಳದಷ್ಟು ನೀಟಾಗಿ. ಅಮ್ಮಾಜಮ್ಮ ಅದನ್ನು ಎಳೆದು ಮುಖಕ್ಕೆ ಒತ್ತಿಕೊಂಡಳು. ಬರೀ ಧೂಳಿನ ವಾಸನೆ.

"ನಿಮ್ಮ ಉಸಿರಲ್ಲ" ಎಂದಳು ಗಂಡನಿಗೆ. "ಕಿಟಕಿ ತೆಗೆಯಣ ಅಂದ್ಲು. ನಾನೇ ಬೈದು ಮುಚ್ಚಿಸ್ದೆ."

"ಗೊತ್ತು. ಮಂಚದ ಮೇಲೇ ಇದ್ನಲ್ಲ, ಕೇಳಿಸ್ತು."

"ಇಷ್ಟು ವರ್ಷ ನಂಗೆ ಒಂದು ಮಾತು ಅನ್ಲಿಲ್ಲ ನೀವು!"

ಬಯ್ಯಪ್ಪ ಹೊಸ್ತಿಲು ದಾಟಿ ಬಂದು ದುಪಟ್ಟಾದ ಒಂದು ತುದಿ ಹಿಡಿದುಕೊಂಡ.

"ಏನಂತ ಅನ್ಲಿ? ಇದನ್ನ ತುರುಕಿ ಬಂದು, 'ಈಗ ಬೆಚ್ಚಗಾಯ್ತಾ ಅಪ್ಪ?' ಅಂದ್ಲು. ಹೂಂ ಕಣಮ್ಮ, ಬೆಚ್ಚಗಾಯ್ತು ಅಂದೆ."

ಅಮ್ಮಾಜಮ್ಮ ಕಿಟಕಿಯನ್ನು ಬಲವಾಗಿ ತಳ್ಳಿದಳು. ಹಿಪ್ಪುನೇರಳೆ ತೋಟದ ಗಾಳಿ ಒಳಗೆ ಬಂತು. ಹುಳುಗಳಿಗೆ ಸೊಪ್ಪು ಹಾಕುವ ಹೊತ್ತು ಮೀರುತ್ತಿತ್ತು, ಇಬ್ಬರೂ ಅಲ್ಲಿಂದ ಕದಲಲಿಲ್ಲ.