ಕೊನೆಯ ನಿಮಿಷದ ಆಟಗಾರ್ತಿ

ಬೀದಿದೀಪ ಇನ್ನೂ ಆರಿಲ್ಲ. ಜಯನಗರದ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ರೇಖಾ ಉದ್ದನೆಯ ಪೊರಕೆ ಹಿಡಿದು ಹೊಂಗೆ ಎಲೆ ಗುಡಿಸುತ್ತಿದ್ದಾರೆ. ರಾತ್ರಿ ಸುರಿದ ಮಳೆಗೆ ಬುಟ್ಟಿಯ ಕೆಳಗೆ ನಿಂತ ನೀರನ್ನು ಗೋಣಿಚೀಲಕ್ಕೆ ಹೀರಿಸಿ ಹಿಂಡುತ್ತಾರೆ. ಬಗ್ಗುವಾಗ ಎಡಮಂಡಿ ಮಡಿಸುವುದಿಲ್ಲ; ಕಾಲನ್ನು ಪಕ್ಕಕ್ಕೆ ಚಾಚಿ ಸೊಂಟದಿಂದಲೇ ಬಾಗುತ್ತಾರೆ. ಮಕ್ಕಳು ಬರುವಷ್ಟರಲ್ಲಿ ನೆಲ ಒಣಗಿರಬೇಕು. ಒದ್ದೆ ನೆಲದ ಮೇಲೆ ಕಾಲು ತಿರುಚಿದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

“ಇವತ್ತು ಬಂದ್ರೆ ಏಳೆಂಟು ಜನ. ಮುಂದಿನ ತಿಂಗಳಿಂದ ಇಲ್ಲಿ ಕಾರ್ ಪಾರ್ಕಿಂಗ್ ಅಂತೆ. ಸುದ್ದಿ ಗೊತ್ತಾದ್ಮೇಲೆ ಒಬ್ಬೊಬ್ರೇ ಬಿಡ್ತಾ ಇದ್ದಾರೆ,” ಎನ್ನುತ್ತಾರೆ ರೇಖಾ. ದನಿಯಲ್ಲಿ ದೂರಿಲ್ಲ. ದೂರುವ ಚೈತನ್ಯ ಉಳಿದಂತೆಯೂ ಕಾಣುವುದಿಲ್ಲ.

ಮಕ್ಕಳಿಗೆ ಇವರು ಬರೀ ‘ಆಂಟಿ’. ಎರಡು ವರ್ಷದ ಹಿಂದೆ ಮಹಿಳಾ ವೃತ್ತಿಪರ ಲೀಗ್ ಶುರುವಾದಾಗ ಬೆಂಗಳೂರು ತಂಡದ ಅತಿ ಹಿರಿಯ ಆಟಗಾರ್ತಿ ಇವರೇ. ಆಗ ವಯಸ್ಸು ಮೂವತ್ತನಾಲ್ಕು. ಸಾರಕ್ಕಿ ಮಾರುಕಟ್ಟೆಯಲ್ಲಿ ಸೊಪ್ಪು ಮಾರುವ ರುದ್ರಮ್ಮನವರ ಮಗಳು ಶಾಲೆಯ ಮಣ್ಣಿನ ಅಂಗಳದಲ್ಲಿ ಚೆಂಡು ಹಿಡಿದವರು, ಊರೂರು ಅಲೆದು ಟೂರ್ನಿ ಆಡಿದವರು. ಲೀಗ್ ಬರುವ ಹೊತ್ತಿಗೆ ಮಂಡಿ ಅರ್ಧ ಸವೆದಿತ್ತು. ಆದರೂ ತರಬೇತುದಾರ ಚಿದಾನಂದ್ ಕರೆದು ಸೇರಿಸಿಕೊಂಡರು. ಪಂದ್ಯವಿಡೀ ಬೆಂಚಿನ ಮೇಲೆ ಕೂರುವುದು, ಕೊನೆಗೆ ಹುಡುಗಿಯರು ಗಾಬರಿಯಲ್ಲಿ ತಪ್ಪು ಮಾಡತೊಡಗಿದಾಗ ಒಳಗೆ ಹೋಗುವುದು, ಇದೇ ಅವರ ಕೆಲಸವಾಯಿತು.

ಸೆಮಿಫೈನಲ್‌ನಲ್ಲಿ ಎದುರಾದದ್ದು ಚೆನ್ನೈ ತಂಡ. ಮೂರು ಪಂದ್ಯಗಳಲ್ಲಿ ಎರಡು ಗೆದ್ದವರು ಫೈನಲ್‌ಗೆ. ಚೆನ್ನೈಯವರು ಪಳಗಿದ ಕೈಗಳು; ಬೆಂಗಳೂರಿನವರು ಎಳೆಯರು, ವೇಗ ಹೆಚ್ಚು. ಮೊದಲ ಪಂದ್ಯದಲ್ಲಿ ಹನ್ನೊಂದು ಅಂಕ ಮುಂದಿದ್ದ ಬೆಂಗಳೂರು ಕೊನೆಯ ನಿಮಿಷಗಳಲ್ಲಿ ಕುಸಿಯತೊಡಗಿತು. ತಂಡದ ಹತ್ತೊಂಬತ್ತರ ತಾರೆ ಪ್ರಕೃತಿ ಎರಡು ಬಾರಿ ಚೆಂಡನ್ನು ನೇರ ಎದುರಾಳಿಯ ಕೈಗೇ ಎಸೆದಳು. ರೇಖಾ ಒಳಗೆ ಬಂದವರೇ ಶೂ ಲೇಸ್ ಬಿಚ್ಚಿಹೋಯಿತೆಂದು ನೆಪ ಹೇಳಿ, ಆಟ ನಿಲ್ಲಿಸಿ, ಬಗ್ಗಿ ಕೂತರು. ಅವರು ಅದನ್ನು ಕಟ್ಟಿ ಮುಗಿಸುವಷ್ಟರಲ್ಲಿ ಪ್ರಕೃತಿಯ ಉಸಿರು ಹದಕ್ಕೆ ಬಂದಿತ್ತು. ಬೆಂಗಳೂರು ಎರಡು ಅಂಕದಿಂದ ಬಚಾವಾಯಿತು. ಎರಡನೆಯ ಪಂದ್ಯಕ್ಕೆ ಮಂಡಿ ಊದಿ ರೇಖಾ ಇಳಿಯಲಿಲ್ಲ. ತಂಡ ಒಂದೇ ಅಂಕದಿಂದ ಸೋತಿತು.

ಮೂರನೆಯದು ಬೆಂಗಳೂರಿನಲ್ಲಿ. ಅಂದು ರುದ್ರಮ್ಮ ಅಂಗಡಿಗೆ ಟಾರ್ಪಾಲು ಹೊದಿಸಿ, ಮೊದಲ ಬಾರಿ ಮಗಳ ಆಟ ನೋಡಲು ಬಂದಿದ್ದರು. ಹನ್ನೊಂದು ಸೆಕೆಂಡ್ ಉಳಿದಾಗ ಬೆಂಗಳೂರು ಒಂದು ಅಂಕ ಹಿಂದೆ. ಚೆಂಡನ್ನು ಪ್ರಕೃತಿಗೆ ಕೊಡಬೇಕೆಂದು ಚಿದಾನಂದ್ ಹಲಗೆಯ ಮೇಲೆ ಗೆರೆ ಎಳೆದು ತೋರಿಸಿದರು. ಪ್ರಕೃತಿ ತಲೆಯಾಡಿಸಿದಳು, ನೀರಿನ ಬಾಟಲಿ ಎತ್ತಿದಳು. ಮುಚ್ಚಳ ತೆಗೆಯದೆಯೇ ಬಾಯಿಗಿಟ್ಟುಕೊಂಡಳು. ಅದನ್ನು ನೋಡಿದ್ದು ರೇಖಾ ಒಬ್ಬರೇ.

“ಸಾರ್, ಬಾಲ್ ನನಗೆ ಕೊಡಿ,” ಎಂದರು.

ಚಿದಾನಂದ್ ಅವರ ಮಂಡಿಯತ್ತ ನೋಡಿದರು. “ತಡ್ಕೊಳ್ಳತ್ತಾ?”

“ಹನ್ನೊಂದು ಸೆಕೆಂಡ್ ತಾನೆ.”

ಕಾಲು ತಡೆದುಕೊಂಡಿತು. ರೇಖಾ ಇಬ್ಬರ ನಡುವೆ ನುಗ್ಗಿ ಎಗರಿದಾಗ ಚೆನ್ನೈ ನಾಯಕಿಯ ಏಟು ತೋಳಿಗೆ ಬಿತ್ತು. ಫೌಲ್. ಯಾರೂ ಅಡ್ಡ ಬರದ ಎರಡು ಫ್ರೀ ಥ್ರೋ. ಎರಡೂ ಬಿದ್ದರೆ ಗೆಲುವು ಹೆಚ್ಚುಕಡಿಮೆ ಕೈಯಲ್ಲಿ. ಮೊದಲನೆಯದು ಬಲೆಯೊಳಗೆ ಸದ್ದಿಲ್ಲದೆ ಇಳಿಯಿತು. ಅಂಕ ಸಮ. ಎರಡನೆಯದಕ್ಕೆ ಅಣಿಯಾಗುವಾಗ ಚೆನ್ನೈ ನಾಯಕಿ ಬಗ್ಗಿ, ನಿಧಾನವಾಗಿ ಶೂ ಲೇಸ್ ಬಿಗಿಯತೊಡಗಿದಳು.

“ಅದು ನಂದೇ ಐಡಿಯಾ. ನನ್ನ ಕಾಯಿಸಿ ಗಮನ ಕೆಡಿಸೋಕೇ ಅವಳು ಬಗ್ಗಿದ್ಳು ಅಂತ ನಂಗೆ ಚೆನ್ನಾಗಿ ಗೊತ್ತು. ಗೊತ್ತಿದ್ರೂ ಮನಸ್ಸು ಅಮ್ಮ ಕೂತಿದ್ದ ಕಡೆ ಹೋಗ್ಬಿಡ್ತು,” ಎನ್ನುತ್ತಾರೆ ರೇಖಾ. “ಇಷ್ಟು ವರ್ಷ ಆಡಿದ್ದೀನಿ, ನಂಗೇನೂ ಆಗಲ್ಲ ಅಂದ್ಕೊಂಡಿದ್ದೆ. ಕೈಯಿಂದ ಬಿಟ್ಟಾಗಲೇ ಗೊತ್ತಾಯ್ತು, ಬೀಳಲ್ಲ ಅಂತ.”

ಚೆಂಡು ಬುಟ್ಟಿಯ ಅಂಚಿಗೆ ಬಡಿದು, ಉರುಳಿ, ಹೊರಗೆ ಬಿತ್ತು. ಹೆಚ್ಚುವರಿ ಐದು ನಿಮಿಷದ ಆಟದಲ್ಲಿ ಬೆವರು ಬಿದ್ದ ನೆಲದ ಮೇಲೆ ಮಂಡಿ ತಿರುಚಿಕೊಂಡಿತು. ಇಬ್ಬರು ಎತ್ತಿ ತಂದು ಹೊರಗೆ ಕೂರಿಸಿದರು. ತಂಡ ನಾಲ್ಕು ಅಂಕದಿಂದ ಸೋತದ್ದನ್ನು ಅವರು ಅಲ್ಲಿಂದಲೇ ನೋಡಿದರು.

ಹೊರಗೆ ಆಟೋ ಕಾಯುತ್ತ ರುದ್ರಮ್ಮ ಕೇಳಿದರಂತೆ: “ಒಂದು ಹಾಕ್ದ್ಯಲ್ಲವ್ವ. ಅದನ್ನ ಯಾಕೆ ಯಾರೂ ಹೇಳ್ತಾ ಇಲ್ಲ?”

ಯಾರೂ ಹೇಳಲಿಲ್ಲ. ತಪ್ಪಿದ ಎಸೆತದ ವಿಡಿಯೊಗೆ ಯಾರೋ ನಗುವಿನ ಸದ್ದು ಸೇರಿಸಿ ಹರಿಬಿಟ್ಟರು. ‘ಅಜ್ಜಿಗೆ ಯಾಕೆ ಬಾಲ್ ಕೊಟ್ರಿ’ ಎಂದು ಬರೆದವರೂ ಇದ್ದರು. ಮಾಲೀಕರು ಅದೇ ವರ್ಷ ತಂಡವನ್ನು ಮುಚ್ಚಿದರು. ಲೀಗ್‌ಗೆ ಎರಡನೆಯ ವರ್ಷ ಬರಲೇ ಇಲ್ಲ. ಇನ್ನು ಓಡುವ ಮಾತಿಲ್ಲ ಎಂದು ವೈದ್ಯರು ಹೇಳಿದರು. ಈಗ ಬೆಳಿಗ್ಗೆ ಮಕ್ಕಳಿಗೆ ಆಟ ಕಲಿಸುತ್ತಾರೆ, ಆಮೇಲೆ ಅಮ್ಮನ ಪಕ್ಕ ಕೂತು ಸೊಪ್ಪಿನ ಕಂತೆ ಕಟ್ಟುತ್ತಾರೆ. ಸಂಜೆಯ ತರಗತಿ ಆಗಲೇ ನಿಂತಿದೆ.

ಅವರನ್ನು ಹೆಚ್ಚು ಕೊರೆಯುವುದು ಪ್ರಕೃತಿಯ ವಿಷಯ. ಆ ಹುಡುಗಿಯ ತಲೆಯ ಮೇಲೆ ಸೋಲು ಬೀಳಬಾರದೆಂದೇ ಅಂದು ಚೆಂಡು ಕೇಳಿದ್ದು. ಮುಂದೆ ದೇಶಕ್ಕೆ ಆಡುತ್ತಾಳೆಂಬ ನಂಬಿಕೆಯಿತ್ತು. ಆದರೆ ತಂಡ ಮುಚ್ಚಿದ ಮೇಲೆ ಪ್ರಕೃತಿಗೆ ಆಡಲು ಎಲ್ಲಿಯೂ ಜಾಗ ಸಿಗಲಿಲ್ಲ. ಬಿಟಿಎಂ ಲೇಔಟಿನ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಾಳೆ. ಅಮ್ಮನಿಗೆ ಸೀರೆ ಕೊಳ್ಳಲು ಹೋದ ರೇಖಾ ಅವಳನ್ನು ಅಲ್ಲಿ ಕಂಡರು. ಅಕ್ಕ, ನೀವಾದ್ರೂ ಆಡ್ತಾ ಇದ್ದೀರಾ ಎಂದು ಅವಳು ಕೇಳಿದಳಂತೆ. ರೇಖಾ ಹೂಂ ಎಂದು ಸುಳ್ಳು ಹೇಳಿ ಬಂದರು.

“ಯಾವುದರಿಂದ ಕಾಪಾಡಿದೆ ಅವಳನ್ನ, ಹೇಳಿ? ಆ ಥ್ರೋ ತಪ್ಪಿದ್ದು ಅವಳ ಕೈಯಿಂದಲ್ಲ, ಅದೊಂದೇ ಉಳಿದಿರೋದು.”

ಬಿಸಿಲು ಅಂಕಣಕ್ಕೆ ಇಳಿದಿದೆ. ಬಂದಿರುವುದು ಐದು ಮಕ್ಕಳು. ಎರಡು ತಂಡಕ್ಕೂ ಸಾಲದು. ರೇಖಾ ಅವರನ್ನು ಸಾಲಾಗಿ ನಿಲ್ಲಿಸಿ ಚೆಂಡು ಕೊಡುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಪೊರಕೆಯನ್ನು ಗೋಡೆಗೆ ಒರಗಿಸಿಟ್ಟು ಬರುತ್ತಾರೆ.

“ಗೆಲ್ಲೋದು ಬೇಡ. ಯಾವ ಟೀಮ್ ಆದ್ರೂ ಸರಿ, ಬೆಂಚಿನ ತುದೀಲಿ ಒಂದು ಜಾಗ ಕೊಡ್ಲಿ. ಮ್ಯಾಚ್ ಟೈಟ್ ಆದಾಗ ಹುಡುಗೀರು ಭಯ ಬಿದ್ದು ಹಿಂದಕ್ಕೆ ತಿರುಗಿ ನೋಡ್ತಾರೆ. ಆಗ ಅಲ್ಲಿ ಯಾರಾದ್ರೂ ಕೂತಿರ್ಬೇಕು.”