ತಾನೇ ಬಳಿದ ಡಾಂಬರು ಕೆರೆಯುವ ಉಚ್ಚಂಗೆಪ್ಪ

ಚನ್ನಗಿರಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಡಿಕೆ ವ್ಯಾಪಾರಿ ಷಣ್ಮುಖಪ್ಪನವರ ಹಳೆಯ ಅಂಬಾಸಿಡರ್ ಕೆಳಗಿಂದ ಎರಡು ಕಾಲು ಮಾತ್ರ ಕಾಣುತ್ತಿವೆ. ಕಾಲಿನ ಒಡೆಯರು ಉಚ್ಚಂಗೆಪ್ಪ, ಜಗಳೂರು ಕಡೆಯವರು, ವಯಸ್ಸು ಐವತ್ತೆರಡು. ಚಿಕ್ಕ ಸುತ್ತಿಗೆಯಿಂದ ಕಾರಿನ ತಳ ಕುಟ್ಟುತ್ತಾ, ಸದ್ದಿಗೆ ಕಿವಿಗೊಡುತ್ತಾರೆ.

"ತಳ ಕನ್ನಡಿ ಹಂಗೈತೆ, ಸುಮ್ನೆ ಯಾಕ್ರೀ ಕೆರೀತೀರಿ? ಹತ್ತು ಗಂಟೆಗೆ ಹೊನ್ನಾಳಿಗೆ ಹೆಣ್ಣು ನೋಡಾಕೆ ಹೋಗ್ಬೇಕು," ಎಂದು ಷಣ್ಮುಖಪ್ಪನವರು ಗೊಣಗುತ್ತಾರೆ. ಕಾರಿನ ತಳ ಕೆರೆಯುತ್ತೇನೆಂದು ಬರುತ್ತಿದ್ದ ಉಚ್ಚಂಗೆಪ್ಪನವರನ್ನು ಐದು ವರ್ಷ ಸಾಗಹಾಕಿ, ಕಾಟ ತಾಳಲಾರದೆ ಇವತ್ತು ಒಪ್ಪಿದವರು ಅವರು.

ಉತ್ತರವಾಗಿ ಸ್ಕ್ರೂಡ್ರೈವರೊಂದು ಕಾರಿನೊಳಗೇ ತಲೆ ಎತ್ತುತ್ತದೆ, ಹಿಂದಿನ ಸೀಟಿನವರು ಕಾಲಿಡುವ ಜಾಗದಲ್ಲಿ! ಬಡಿದದ್ದಲ್ಲ, ಕೈಯಲ್ಲಿ ಒತ್ತಿದ್ದಷ್ಟೇ. ಬಾಗಿಲು ಹಿಡಿದು ನಿಂತ ಷಣ್ಮುಖಪ್ಪನವರು ಕಾರಿನ ಕೀಲಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಹೆಣ್ಣು ನೋಡುವವರು ಬಸ್ ಹಿಡಿಯುತ್ತಾರೆ.

ಹಿಂದೆ ಹತ್ತು ವರ್ಷ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ತುಕ್ಕು ಹಿಡಿಯದಂತೆ ಕಾರಿನ ತಳಕ್ಕೆ ಡಾಂಬರು ಬಳಿಯುವವರೆಂದರೆ ಉಚ್ಚಂಗೆಪ್ಪನವರೇ. ಆಯುಧಪೂಜೆಯ ದಿನ ಕೈಗೆ ಬಿಡುವಿರುತ್ತಿರಲಿಲ್ಲ. ಬೆಳಿಗ್ಗೆ ತೊಳೆದ ಕಾರು ಸಂಜೆ ಪೂಜೆಗೆ ನಿಲ್ಲಬೇಕು. ಸಂದುಗಳಲ್ಲಿ ನೀರಿರುವಾಗಲೇ ಬಳಿದುಬಿಡುತ್ತಿದ್ದರು. ಬಾಗಿಲ ಕೆಳಗಿನ ಪಟ್ಟಿಯಲ್ಲಿದ್ದ ಸಣ್ಣ ತೂತುಗಳನ್ನೂ ಮುಚ್ಚುತ್ತಿದ್ದರು. "ತೂತಿದ್ರೆ ನೀರು ಒಳಗೆ ಹೋಗ್ತೈತೆ ಅಂತ ತಿಳ್ಕಂಡಿದ್ದೆ. ನೀರು ಹೊರಗೆ ಬರಾಕೆ ಬಿಟ್ಟಿದ್ದು ಅಂತ ಯಾರೂ ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ."

ಏಳು ವರ್ಷದ ಹಿಂದೆ, 1979ರ ಒಂದು ಮಧ್ಯಾಹ್ನ ಸವಳಂಗದ ರಸ್ತೆಯಲ್ಲಿ ಅವರು ಬಳಿದಿದ್ದ ಕಾರೊಂದರ ನೆಲ ಕುಸಿಯಿತು. ಹಿಂದೆ ಕೂತಿದ್ದ ಕೆರೆಬಿಳಚಿಯ ಕಸ್ತೂರಮ್ಮನವರ ಕಾಲು ಓಡುವ ರಸ್ತೆಗೆ ತಾಗಿ ಮೂರು ಬೆರಳು ಹೋದವು. ಸುದ್ದಿ ಕೇಳಿ ಓಡಿದ ಉಚ್ಚಂಗೆಪ್ಪ ತೂತಿನ ಅಂಚು ಮುಟ್ಟಿ ನೋಡಿದರು. ಡಾಂಬರು ಗಟ್ಟಿಯಾಗಿಯೇ ಇತ್ತು. ಅದರ ಹಿಂದೆ ಕಬ್ಬಿಣವೇ ಇರಲಿಲ್ಲ, ಬರೀ ಒದ್ದೆ ತುಕ್ಕಿನ ಪುಡಿ.

"ಆ ತಾಯಿ ನನಗೊಂದು ಮಾತೂ ಬೈಲಿಲ್ಲ. ಬೈದಿದ್ರೆ ನಿದ್ದೆನಾದ್ರೂ ಬರ್ತಿತ್ತೇನೋ," ಎನ್ನುತ್ತಾರೆ.

ಅಂದೇ ಬಳಿಯುವುದು ನಿಂತಿತು. ಹೊಟ್ಟೆಪಾಡಿಗೆ ಈಗ ಪಂಕ್ಚರ್ ಹಾಕುತ್ತಾರೆ. ಉಳಿದ ಹೊತ್ತಿನಲ್ಲಿ, ತಾವು ಬಳಿದ ನಲವತ್ತಮೂರು ಕಾರುಗಳನ್ನು ಬಸ್ಸಿನಲ್ಲಿ ಹುಡುಕಿಕೊಂಡು ಹೋಗುತ್ತಾರೆ. ಸೀಮೆಎಣ್ಣೆ ಹಚ್ಚಿ ಕೆರೆಯಬೇಕು, ತೂತು ಬಿಡಿಸಬೇಕು, ಪೂರ್ತಿ ಒಣಗಿಸಿ ತುಕ್ಕು ತಡೆಯುವ ರೆಡಾಕ್ಸೈಡ್ ಬಣ್ಣ ಹಚ್ಚಬೇಕು. ಒಂದೊಂದಕ್ಕೂ ನಾಲ್ಕು ದಿನ. ಮೊದಲು ಬಾಗಿಲಿಂದಲೇ ಅಟ್ಟಿದವರೂ ಕಡೆಗೆ ಒಪ್ಪಿದ್ದಾರೆ. ಹದಿನೇಳು ಕಾರುಗಳ ತಳದಲ್ಲಿ ಕೈಯೇ ತೂರಿತಂತೆ. ಅವುಗಳಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಜನ ಓಡಾಡುತ್ತಿದ್ದರು!

ಷಣ್ಮುಖಪ್ಪನವರದು ನಲವತ್ತೆರಡನೆಯದು. ಉಳಿದಿರುವುದು ಒಂದೇ, ನ್ಯಾಮತಿಯಲ್ಲಿ ಬಳಿದ ಬಿಳಿ ಫಿಯಟ್. ಅದು ಕೈಯಿಂದ ಕೈಗೆ ಮಾರಾಟವಾಗಿ ಎಲ್ಲಿ ಓಡುತ್ತಿದೆಯೋ ಯಾರಿಗೂ ಗೊತ್ತಿಲ್ಲ.

ಪತ್ರಿಕೆಯಲ್ಲಿ ಬರುತ್ತದೆ ಎಂದಾಗ ಇಂಥ ತಪ್ಪು ಮಾಡಿದವರು ಸಾಮಾನ್ಯವಾಗಿ ಹೆಸರು ಬೇಡವೆನ್ನುತ್ತಾರೆ. ಉಚ್ಚಂಗೆಪ್ಪ ಪಟ್ಟು ಹಿಡಿದು ಕೇಳುತ್ತಾರೆ.

"ನನ್ನ ಹೆಸರು ದಪ್ಪ ಅಕ್ಷರದಾಗೆ ಹಾಕ್ರಿ. ಆದ್ರೆ ಹೊಗಳಬ್ಯಾಡ್ರಿ. ಒಳ್ಳೆ ಕೆಲಸಗಾರ ಅಂತ ಓದಿದ್ರೆ ಆ ಫಿಯಟ್‌ನಾಗೆ ಓಡಾಡೋರು ನಂಬಿ ಕೂತೇ ಇರ್ತಾರೆ. ಉಚ್ಚಂಗೆಪ್ಪನ ಕೆಲಸ ಕೆಟ್ಟದ್ದು ಅಂತ ಬರೀರಿ. ಹೆದರಿ ಇಳೀತಾರೆ."